ಸುಟ್ಟ ಗಾಯಕ್ಕೆ ಮೊದಲ ಮದ್ದು ತಣ್ಣೀರು

ಒಲೆ ಉರಿಯುವ ಮನೆಯಲ್ಲಿ ಒಮ್ಮೆಯಾದರೂ ಕೈ ಸುಟ್ಟುಕೊಳ್ಳದವರು ಇರಲಾರರು. ರೊಟ್ಟಿಯ ಹಂಚು, ಕುಕ್ಕರಿನ ಹಬೆ, ಒಗ್ಗರಣೆಯಲ್ಲಿ ಸಿಡಿಯುವ ಎಣ್ಣೆ, ಹಬ್ಬದ ದಿನ ಕೈಗಂಟುವ ಬಿಸಿ ಹೂರಣ, ಇವೆಲ್ಲ ತಾಯಂದಿರಿಗೆ ಪರಿಚಿತವಾದ ಸಂಗತಿಗಳೇ. ಇಂತಹ ಚಿಕ್ಕ ಗಾಯಗಳಿಗೆ ಸಾಮಾನ್ಯವಾಗಿ ಆಸ್ಪತ್ರೆಯ ಅಗತ್ಯ ಬೀಳುವುದಿಲ್ಲ. ಆದರೆ ಗಾಯವು ಬೇಗ ಮಾಯುವುದೋ, ಆಳಕ್ಕಿಳಿದು ಕಲೆ ಉಳಿಸುವುದೋ ಎಂಬುದು ಮೊದಲ ಅರ್ಧ ಗಂಟೆಯಲ್ಲಿ ಮನೆಯವರು ಮಾಡುವ ಉಪಚಾರವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಆದ್ದರಿಂದ ಆ ಅರ್ಧ ಗಂಟೆಯನ್ನು ಕುರಿತೇ ಇಲ್ಲಿ ಹೆಚ್ಚಾಗಿ ಬರೆಯುತ್ತಿದ್ದೇವೆ.

ಹಂಚಿನಿಂದ ಕೈ ತೆಗೆದ ಮಾತ್ರಕ್ಕೆ ಸುಡುವುದು ನಿಂತಿತೆಂದು ಭಾವಿಸಲಾಗದು. ಚರ್ಮವನ್ನು ಹೊಕ್ಕ ಕಾವು ಒಳಪದರಗಳಿಗೆ ಇಳಿಯುತ್ತಲೇ ಇರುತ್ತದೆ. ಅದನ್ನು ಹೊರಗೆ ಸೆಳೆಯಬಲ್ಲದ್ದು ಹರಿಯುವ ತಣ್ಣೀರು. ಸುಟ್ಟ ಭಾಗವನ್ನು ನಲ್ಲಿಯ ಕೆಳಗೆ 20 ನಿಮಿಷಗಳ ಕಾಲ ಹಿಡಿಯಬೇಕು, ಅದೂ ಗಡಿಯಾರ ನೋಡಿಕೊಂಡು. ಒಂದೆರಡು ನಿಮಿಷಗಳಲ್ಲಿ ಉರಿ ತಗ್ಗಿದಂತೆನಿಸಿ ಕೈ ತೆಗೆದುಬಿಡುವವರೇ ಹೆಚ್ಚು. ತೆಗೆದೊಡನೆ ಉರಿ ಮರಳುತ್ತದೆ. ಒಡನೆಯೇ ನೀರು ದೊರೆಯದಿದ್ದರೂ 3 ಗಂಟೆಗಳೊಳಗೆ ಹೀಗೆ ಮಾಡಿದರೆ ಪ್ರಯೋಜನವುಂಟೆಂದು ಇಂದಿನ ವೈದ್ಯರು ಹೇಳುತ್ತಾರೆ. ನಲ್ಲಿಯಲ್ಲಿ ದಿನವೂ ನೀರು ಬಾರದ ಊರುಗಳು ನಮ್ಮಲ್ಲಿ ಬಹಳ. ಅಲ್ಲಿ ಕೊಡದ ಶುದ್ಧ ನೀರನ್ನು ತಂಬಿಗೆಯಿಂದ ಮೆಲ್ಲಗೆ ಹೊಯ್ಯುತ್ತಿರಬಹುದು, ಇಲ್ಲವೇ ಬೋಗುಣಿಯಲ್ಲಿ ಕೈಯನ್ನು ಮುಳುಗಿಸಿಡಬಹುದು. ಬಾವು ಬರುವ ಮೊದಲೇ ಉಂಗುರ, ಬಳೆ, ಕಾಲುಂಗುರಗಳನ್ನು ಕಳಚಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬಾರದು. ಮಂಜುಗಡ್ಡೆಯೂ ಬೇಡ, ಅತಿಶೈತ್ಯದಿಂದ ರಕ್ತಸಂಚಾರ ಕುಗ್ಗಿ ಗಾಯ ಇನ್ನಷ್ಟು ಕೆಡುತ್ತದೆ. ಕೂಸುಗಳ ಮೈ ಬೇಗ ತಣ್ಣಗಾಗುವುದರಿಂದ ಸುಟ್ಟ ಭಾಗಕ್ಕಷ್ಟೇ ನೀರು ಹೊಯ್ದು ಉಳಿದ ಮೈಯನ್ನು ಬೆಚ್ಚಗೆ ಹೊದಿಸಿರಬೇಕು.

ಆದರೆ ಮನೆಗಳಲ್ಲಿ ನಡೆಯುವುದೇನು? ಒಬ್ಬರು ಹಲ್ಲುಜ್ಜುವ ಪೇಸ್ಟನ್ನು ತರುತ್ತಾರೆ, ಇನ್ನೊಬ್ಬರು ಮಸಿಯನ್ನು, ಮತ್ತೊಬ್ಬರು ಬೆಣ್ಣೆಯನ್ನು. ಅರಿಷಿಣ, ಕಾಫಿಪುಡಿ, ದೋಸೆಹಿಟ್ಟುಗಳಿಗೂ ಸರದಿ ಬರುತ್ತದೆ. ಪ್ರೀತಿಯಿಂದಲೇ ಮಾಡುವ ಈ ಕೆಲಸದಿಂದ ಕಾವು ಒಳಗೇ ಉಳಿಯುತ್ತದೆ, ಗಾಯಕ್ಕೆ ಸೋಂಕು ತಗಲುವ ಭಯವಿರುತ್ತದೆ, ಗಾಯದ ಆಳವನ್ನು ವೈದ್ಯರು ನೋಡಬೇಕಾದರೆ ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ. ಆ ನೋವು ಸುಟ್ಟ ನೋವಿಗಿಂತ ಕಡಿಮೆಯದೇನಲ್ಲ. ಕೆಲವರು ಭಕ್ತಿಯಿಂದ ವಿಭೂತಿಯನ್ನು ಹಚ್ಚುವುದುಂಟು. ವಿಭೂತಿಯ ಸ್ಥಾನ ಹಣೆ, ಹಸಿ ಗಾಯವಲ್ಲ.

ಶಾಸ್ತ್ರದಲ್ಲಿ ಏನಿದೆಯೆಂದು ಕೇಳುವ ಓದುಗರೂ ಇರುತ್ತಾರೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಸುಟ್ಟ ಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಬಣ್ಣಗೆಟ್ಟು ಬಹಳ ಉರಿಯುವುದು ಪ್ಲುಷ್ಟ. ಬೊಬ್ಬೆಯೆದ್ದು ನಿಧಾನವಾಗಿ ಮಾಯುವುದು ದುರ್ದಗ್ಧ. ಸುಟ್ಟ ಆಳವನ್ನು ಗಮನಿಸಿ ಮಾಡಿದ ಈ ವಿಂಗಡಣೆಯ ಸೂಕ್ಷ್ಮತೆ ಇಂದಿಗೂ ಮೆಚ್ಚುವಂತಹುದು. ಆದರೆ ಪ್ಲುಷ್ಟಕ್ಕೆ ಮತ್ತೆ ಕಾವು ಕೊಡಬೇಕು, ತಣ್ಣೀರಿನಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ಅಲ್ಲಿ ಹೇಳಿರುವುದನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಗ್ರಂಥಗೌರವಕ್ಕೂ ಕೈ ಸುಟ್ಟ ಮಗುವಿನ ಆರೈಕೆಗೂ ವಿರೋಧ ಬಂದಲ್ಲಿ ನಾವು ಮಗುವಿನ ಪಕ್ಷ ವಹಿಸುತ್ತೇವೆ. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ದಾಸೋಹದ ಅಡಿಗೆಮನೆಯಲ್ಲಿ ಅಕ್ಷರವರಿಯದ ಒಬ್ಬ ಹಿರಿಯರಿದ್ದರು. ಗಂಜಿ ಬಸಿಯುವಾಗ ಹುಡುಗರು ಕೈ ಸುಟ್ಟುಕೊಂಡರೆ ಬಾವಿಯ ಕಟ್ಟೆಯ ಮೇಲೆ ಕೂರಿಸಿ, ನೀರು ಸೇದಿ ಹೊಯ್ಯುತ್ತ, ಅಷ್ಟು ಬೇಗ ಏಳಗೊಡುತ್ತಿರಲಿಲ್ಲ.

ಕಾವು ಆರಿದ ಮೇಲೆ ಮಾಡಬೇಕಾದ್ದು ಸ್ವಲ್ಪವೇ. ಗಾಯದ ಸುತ್ತಲ ನೀರನ್ನು ಮೆಲ್ಲಗೆ ಒತ್ತಿ ತೆಗೆದು, ಔಷಧದ ಅಂಗಡಿಯಲ್ಲಿ ಸಿಗುವ ಅಂಟಿಕೊಳ್ಳದ ಪಟ್ಟಿಯಿಂದಲೋ, ಒಗೆದ ಶುಭ್ರ ಅರಿವೆಯಿಂದಲೋ ಸಡಿಲವಾಗಿ ಮುಚ್ಚಬೇಕು. ಹತ್ತಿಯನ್ನು ನೇರವಾಗಿ ಇಟ್ಟರೆ ಎಳೆಗಳು ಗಾಯಕ್ಕೆ ಅಂಟುತ್ತವೆ. ಮುಂಬಯಿಯ ವೈದ್ಯರು ಬಾಳೆ ಎಲೆಯನ್ನು ಹಬೆಯಲ್ಲಿ ಶುದ್ಧಗೊಳಿಸಿ ಪಟ್ಟಿಯಾಗಿ ಬಳಸಿದ್ದುಂಟು. ಅದು ಗಾಯಕ್ಕೆ ಅಂಟದು, ಅಗ್ಗದ್ದು ಕೂಡ. ಹಾಗೆಂದು ಹಿತ್ತಲಿನ ಎಲೆಯನ್ನು ಕೊಯ್ದು ತಂದು ಕಟ್ಟಬಾರದು. ಬೊಬ್ಬೆಯನ್ನು ಸೂಜಿಯಿಂದ ಒಡೆಯಬಾರದು. ಅದರ ಮೇಲಿನ ಚರ್ಮವೇ ಒಳಗಿನ ಎಳೆ ಚರ್ಮಕ್ಕೆ ಹೊದಿಕೆ. ನೋವಿಗೆ ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಬಹಳ ವರ್ಷಗಳಾಗಿದ್ದರೆ ವೈದ್ಯರನ್ನು ಕೇಳಬೇಕು.

ಗಾಯ ಚಿಕ್ಕದೋ ದೊಡ್ಡದೋ ಎಂದು ಅಳೆಯಲು ಸುಟ್ಟವರ ಅಂಗೈಯೇ ಮಾನದಂಡ. ಬೆರಳುಗಳೂ ಸೇರಿ ಅಂಗೈಯ ವಿಸ್ತಾರವು ಇಡೀ ಮೈಚರ್ಮದ ಸುಮಾರು 1 ಪ್ರತಿಶತ. ಗಾಯವು ಅದಕ್ಕಿಂತ ದೊಡ್ಡದಾಗಿದ್ದರೆ, ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳಲ್ಲಿ ಬೊಬ್ಬೆಯೆದ್ದಿದ್ದರೆ, ಚರ್ಮ ಬಿಳಿಚಿಕೊಂಡೋ ಕರಕಾಗಿಯೋ ನೋವೇ ತಿಳಿಯದಿದ್ದರೆ ಮನೆಮದ್ದಿನ ಮಾತು ಬೇಡ. ನೋವಿಲ್ಲವೆಂದು ಸಮಾಧಾನಪಡುವವರನ್ನು ಕಂಡಿದ್ದೇವೆ; ನೋವಿಲ್ಲದಿರುವುದು ಆಳವಾಗಿ ಸುಟ್ಟಿರುವುದರ ಲಕ್ಷಣ. ವಿದ್ಯುತ್ತು, ಆಸಿಡ್ಡುಗಳಿಂದಾದ ಗಾಯ, ಹೊಗೆ ಕುಡಿದವರು, ಎಳೆಯ ಮಕ್ಕಳು, ಮುಪ್ಪಿನವರು, ಸಕ್ಕರೆ ಕಾಯಿಲೆಯವರು, ಇಷ್ಟೂ ಜನ ವೈದ್ಯರ ಬಳಿಗೇ ಹೋಗಬೇಕು. ಆಪತ್ತಿನಲ್ಲಿ 108ಕ್ಕೆ ಕರೆಮಾಡಿ, ವಾಹನ ಬರುವವರೆಗೂ ನೀರು ಹೊಯ್ಯುತ್ತಿರಬಹುದು. ವಿದ್ಯುತ್ತಿನಿಂದಾದರೆ ಮೊದಲು ಮೇನ್ ಸ್ವಿಚ್ಚನ್ನು ಆರಿಸದೆ ಆ ವ್ಯಕ್ತಿಯನ್ನು ಮುಟ್ಟಲೂಬಾರದು, ನೀರನ್ನು ಹಾಕಲೂಬಾರದು.

ಬಚ್ಚಲಿನ ಬಿಸಿನೀರನ್ನು ಕುರಿತು ಒಂದು ಮಾತು. 60 ಡಿಗ್ರಿ ಕಾವಿನ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು, ಮಕ್ಕಳ ಚರ್ಮವನ್ನು ಅದಕ್ಕೂ ಬೇಗ. ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು ಹಾಕುವ ಪದ್ಧತಿಯನ್ನು ಮಕ್ಕಳಿರುವ ಮನೆಗಳಲ್ಲಿ ರೂಢಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಹಿಡಿದ ಅಜ್ಜ ಅಜ್ಜಿಯರ ನೀರನ್ನು ಮನೆಯವರೇ ಮೊಣಕೈಯಿಂದ ಮುಟ್ಟಿ ನೋಡಿ ಕೊಡಬೇಕು.

ಚಿಕ್ಕ ಗಾಯ ಎರಡು ವಾರಗಳಲ್ಲಿ ಮಾಯದಿದ್ದರೆ, ಅಥವಾ ನಡುವೆ ಕೀವು, ದುರ್ವಾಸನೆ, ಜ್ವರ ಕಂಡರೆ ವೈದ್ಯರಿಗೆ ತೋರಿಸಬೇಕು. ಪೂರ್ತಿ ಮಾಯ್ದ ಮೇಲೆ ಒಣಗಿ ತುರಿಸುವ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಲು ಅಡ್ಡಿಯಿಲ್ಲ. ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಿಡುವುದರಿಂದ ಕೆಲವು ತಿಂಗಳು ಅದನ್ನು ಸೆರಗಿನಿಂದಲೋ ತೋಳಿನ ಅಂಗಿಯಿಂದಲೋ ಮರೆಮಾಡಿಕೊಂಡಿರುವುದು ಒಳ್ಳೆಯದು.