ಅಟ್ಲಾಂಟಾ ಸುಟ್ಟದ್ದು ಎಷ್ಟು, ಸುಟ್ಟವರು ಎಷ್ಟು ಮಂದಿ?

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಜನರಲ್ ಷರ್ಮನ್ ದಕ್ಷಿಣದ ಅಟ್ಲಾಂಟಾವನ್ನು ಸುಟ್ಟು ಬೂದಿ ಮಾಡಿದ, ಉಳಿದದ್ದು 400 ಮನೆ ಮಾತ್ರ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಒಬ್ಬನೇ ಖಳ, ಒಂದೇ ರಾತ್ರಿ, ಒಂದೇ ಬೆಂಕಿ. ಅಂಕಿಗಳನ್ನು ಬಿಡಿಸಿ ನೋಡಿದರೆ ಈ ಕತೆ ನಿಲ್ಲುವುದಿಲ್ಲ.

ಮೊದಲ ದೊಡ್ಡ ಬೆಂಕಿ ಹಚ್ಚಿದ್ದು ಊರನ್ನು ಕಾಯುತ್ತಿದ್ದ ಸೈನ್ಯವೇ. 1864ರ ಸೆಪ್ಟೆಂಬರ್ 1ರ ರಾತ್ರಿ ಊರು ಬಿಟ್ಟು ಹಿಮ್ಮೆಟ್ಟುವಾಗ ದಕ್ಷಿಣದ ಸೇನಾನಿ ಹುಡ್‌ನ ಪಡೆ 81 ಬೋಗಿಗಳಿಗೆ ಬೆಂಕಿಯಿಟ್ಟಿತು. ಅವುಗಳಲ್ಲಿ 28 ಬೋಗಿಗಳ ತುಂಬ ಮದ್ದುಗುಂಡು. ಹಳಿಯ ಪಕ್ಕದ ಕಬ್ಬಿಣದ ಕಾರ್ಖಾನೆ ನೆಲಕಚ್ಚಿತು. ಮೈಲಿಗಟ್ಟಲೆ ದೂರದ ಜೋನ್ಸ್‌ಬರೋದಲ್ಲಿದ್ದ ಷರ್ಮನ್‌ಗೂ ಸ್ಫೋಟದ ಸದ್ದು ಕೇಳಿಸಿತು. ಮರುದಿನ ಮೇಯರ್ ಜೇಮ್ಸ್ ಕ್ಯಾಲ್ಹೂನ್ ಊರನ್ನು ಒಪ್ಪಿಸಿದರು.

‘ಗಾನ್ ವಿತ್ ದಿ ವಿಂಡ್’ ಸಿನಿಮಾದಲ್ಲಿ ನಾಯಕಿ ಸ್ಕಾರ್ಲೆಟ್ ಕುದುರೆಗಾಡಿಯಲ್ಲಿ ದಾಟಿ ಹೋಗುವುದು ಈ ಬೆಂಕಿಯನ್ನೇ. 1938ರ ಡಿಸೆಂಬರ್ 10ರಂದು ಹಳೆಯ ಸೆಟ್‌ಗಳನ್ನು ಸುಟ್ಟು ಅದನ್ನು ಚಿತ್ರಿಸಿದರು. ಆದರೂ ನೋಡಿದವರಲ್ಲಿ ಹೆಚ್ಚಿನವರು ಅದನ್ನು ಷರ್ಮನ್‌ನ ಲೆಕ್ಕಕ್ಕೇ ಬರೆದುಕೊಂಡರು.

ಹಾಗೆಂದು ಷರ್ಮನ್‌ನ ಕೈ ಶುದ್ಧವಾಗಿರಲಿಲ್ಲ. ಜುಲೈ 20ರಿಂದ ಐದು ವಾರ ಅವನ ಫಿರಂಗಿಗಳು ಜನ ವಾಸವಿದ್ದ ಊರಿನ ಮೇಲೆ ಗುಂಡು ಸುರಿಸಿದವು. ಊರು ಕೈಸೇರಿದ ಮೇಲೆ ನಿವಾಸಿಗಳೆಲ್ಲ ಜಾಗ ಖಾಲಿ ಮಾಡಬೇಕೆಂದು ಆಜ್ಞೆಯಾಯಿತು. ದಕ್ಷಿಣದ ಕಡೆಗೆ ಸಾಗಹಾಕಿದವರ ಪಟ್ಟಿ ಉಳಿದಿದೆ: 446 ಕುಟುಂಬ, 705 ವಯಸ್ಕರು, 860 ಮಕ್ಕಳು, 79 ಸೇವಕರು. ದೊಡ್ಡವರಿಗಿಂತ ಮಕ್ಕಳೇ ಹೆಚ್ಚು. ದಂತಕತೆಗೆ ಬೆಂಕಿ ಬೇಕು, ಈ 860 ಮಕ್ಕಳು ಬೇಕಿಲ್ಲ. ನನ್ನ ಮಟ್ಟಿಗೆ ಇಡೀ ದಾಖಲೆಯಲ್ಲಿ ಅತ್ಯಂತ ಭಾರವಾದ ಅಂಕಿ ಇದೇ.

ನವೆಂಬರ್ 12ರಿಂದ ಷರ್ಮನ್‌ನ ಎಂಜಿನಿಯರ್ ಆರ್ಲಾಂಡೋ ಪೋನ ತಂಡ ರೈಲ್ವೆ ನಿಲ್ದಾಣ, ಯಂತ್ರಾಗಾರ, ಗೋದಾಮುಗಳನ್ನು ಕೆಡವತೊಡಗಿತು. ಕೊನೆಯ ಗಳಿಗೆಯವರೆಗೂ ಬೆಂಕಿ ಬಳಸಕೂಡದು ಎಂಬ ಸೂಚನೆಯಿತ್ತು. ಹಳಿಯ ಕಬ್ಬಿಣವನ್ನು ಸರಪಳಿಗೆ ತೂಗುಬಿಟ್ಟು ಬೀಸಿ ಬೀಸಿ ಗೋಡೆ ಉರುಳಿಸಿದರು. ಆದರೆ ಅಪ್ಪಣೆಯಿಲ್ಲದೆ ಮನೆಗಳಿಗೆ ಕೊಳ್ಳಿಯಿಟ್ಟ ಸಿಪಾಯಿಗಳು ಬೇರೆಯೇ ಇದ್ದರು. ಅವರನ್ನು ತಡೆಯುವ ಹೊಣೆ ಷರ್ಮನ್‌ನದೇ ಆಗಿತ್ತು. ಪೋನ ಅಂದಾಜಿನಂತೆ ನಾಶವಾದದ್ದು ನಗರದ ಶೇ. 37. ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಘೋರವೇ ಹೌದು, ಆದರೆ ‘ಇಡೀ ಊರು’ ಅಲ್ಲ. ಕೆಡವಿದವನೇ ಕೊಟ್ಟ ಲೆಕ್ಕವಾದ್ದರಿಂದ ಅದನ್ನೂ ಎಚ್ಚರದಿಂದಲೇ ಓದಬೇಕು.

ಷರ್ಮನ್ ಹೇಳಿದ 10 ಕೋಟಿ ಡಾಲರ್ ನಷ್ಟವನ್ನೂ ಕೆಲವರು ಅಟ್ಲಾಂಟಾಕ್ಕೆ ಅಂಟಿಸುತ್ತಾರೆ. ಅದು ಆಮೇಲೆ ಸುಮಾರು 62,000 ಸೈನಿಕರು ಅಲ್ಲಿಂದ ಸವಾನಾದವರೆಗೆ ನಡೆದ ದಂಡಯಾತ್ರೆಯಲ್ಲಿ ಜಾರ್ಜಿಯಾ ರಾಜ್ಯಕ್ಕಾದ ನಷ್ಟದ ಅಂದಾಜು. ತನ್ನ ಸೈನ್ಯಕ್ಕೆ ಉಪಯೋಗಕ್ಕೆ ಬಂದದ್ದು ಅದರಲ್ಲಿ 2 ಕೋಟಿಯಷ್ಟು, ಉಳಿದದ್ದು ಬರೀ ಹಾಳು ಎಂದು ಅವನೇ ವರದಿಯಲ್ಲಿ ಒಪ್ಪಿಕೊಂಡ.

ಸತ್ತಿತೆಂದು ಹೇಳುವ ಈ ಊರಿನ ಜನಗಣತಿಯನ್ನೂ ನೋಡಬೇಕು. 1860ರಲ್ಲಿ ಜನಸಂಖ್ಯೆ 9,554; 1870ರಲ್ಲಿ 21,789. ನಡುವೆ 1868ರಲ್ಲಿ ರಾಜ್ಯದ ರಾಜಧಾನಿಯೇ ಅಲ್ಲಿಗೆ ಬಂತು. 1860ರ ಗಣತಿಯ ಕಪ್ಪು ಜನರು 1,939: ಅವರಲ್ಲಿ 1,914 ಮಂದಿ ಗುಲಾಮರು, ಸ್ವತಂತ್ರರು ಬರೀ 25. ಹತ್ತು ವರ್ಷದ ನಂತರ ಅದೇ ಊರಿನಲ್ಲಿ ಕಪ್ಪು ಜನರ ಸಂಖ್ಯೆ 9,929, ಹೆಚ್ಚುಕಡಿಮೆ ಶೇ. 46. ಅವರಲ್ಲಿ ಒಬ್ಬರೂ ಗುಲಾಮರಲ್ಲ.