ಭಾಗವತರ ಕಂಠದಲ್ಲಿ ಭಾವಗೀತೆ: ಅರ್ಥದ ಹೊರೆ ಮತ್ತು ಕನ್ನಡದ ಉಚ್ಚಾರಣೆ

ಒಂದು ಸಂಪ್ರದಾಯದಲ್ಲಿ ಪಳಗಿದ ಕಂಠವು ಮತ್ತೊಂದು ಸಂಪ್ರದಾಯದ ಹಾಡನ್ನು ಎತ್ತಿಕೊಂಡಾಗ ಸಾಹಿತ್ಯದ ಸ್ಪಷ್ಟತೆ ಏನಾಗುತ್ತದೆ? ಇದನ್ನು ಸಾಮಾನ್ಯವಾಗಿ ಕಂಠದ ಪ್ರಶ್ನೆಯೆಂದು ಪರಿಗಣಿಸಲಾಗುತ್ತದೆ. ಕೇಳುಗನಿಗೆ ಅರ್ಥವನ್ನು ಮುಟ್ಟಿಸುವ ಹೊರೆ ಯಾರದು ಎಂಬುದೂ ಅಷ್ಟೇ ಮುಖ್ಯವೆಂದು ನಾವು ಭಾವಿಸುತ್ತೇವೆ.

ಪಾಶ್ಚಾತ್ಯ ಒಪೆರಾ ಇಲ್ಲಿ ಉಪಯುಕ್ತ ನಿದರ್ಶನ. ಸ್ವರಾಕ್ಷರದ ಗುರುತು ಬಾಯಿ ಮತ್ತು ಗಂಟಲಿನ ಅನುರಣನಗಳನ್ನು ಅವಲಂಬಿಸಿದೆ. ‘ಇ’ಕಾರದ ಮೊದಲ ಅನುರಣನ ಸುಮಾರು 300 ಹರ್ಟ್ಜ್. ಗಾಯಕಿಯ ಶ್ರುತಿ ಇದನ್ನು ಬಹುವಾಗಿ ಮೀರಿದಾಗ ಆಕೆ ಬಾಯನ್ನು ಅಗಲಿಸುತ್ತಾಳೆ. ಸ್ವರಾಕ್ಷರಗಳ ಅಂತರ ಮಸುಕಾಗುತ್ತದೆ. 1983ರಲ್ಲಿ ಟೊರಾಂಟೊದಲ್ಲಿ ಆರಂಭವಾದ, ರಂಗದ ಮೇಲೆ ಅನುವಾದವನ್ನು ತೋರಿಸುವ ಕ್ರಮವು ಒಪೆರಾಕ್ಕೆ ಆಸರೆಯಾಗಿದೆ. ಜನಪ್ರಿಯ ಸಂಗೀತನಾಟಕದ ಧ್ವನಿಮುದ್ರಿಕೆಗೆ ಅಂತಹ ಆಸರೆಯಿಲ್ಲ. 1984ರಲ್ಲಿ ಬರ್ನ್‌ಸ್ಟೈನ್ ತಮ್ಮ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಒಪೆರಾ ಗಾಯಕರಿಂದ ಹಾಡಿಸಿ ಧ್ವನಿಮುದ್ರಿಸಿದಾಗ, ಅಮೆರಿಕದ ಯುವಕನ ಪಾತ್ರಕ್ಕೆ ಹಾಡಿದ ಹೊಸೆ ಕರೇರಸ್ ಅವರ ಸ್ಪ್ಯಾನಿಷ್ ಛಾಯೆಯ ಉಚ್ಚಾರಣೆ ಟೀಕೆಗೆ ಗುರಿಯಾಯಿತು.

ಮುತ್ತಿನಕೊಪ್ಪ, ಕೊಪ್ಪ, ಶೃಂಗೇರಿಗಳ ಕೇಳುಗರಿಗೆ ಇದಕ್ಕೆ ಸಮೀಪದ ಸಂದರ್ಭವೆಂದರೆ ಯಕ್ಷಗಾನದ ಭಾಗವತರು ಭಾವಗೀತೆ ಹಾಡುವುದು. ಭಾಗವತರ ಪದ್ಯವು ಏರುಶ್ರುತಿಯಲ್ಲಿ, ಚಂಡೆ ಮದ್ದಲೆಗಳೊಡನೆ ಸಾಗುತ್ತದೆ. ಅಲ್ಲಿ ಒಂದು ಮಾತು ಕೇಳಿಸದಿದ್ದರೂ ಹಾನಿ ಅಲ್ಪ. ಪದ್ಯದ ಬಳಿಕ ಪಾತ್ರಧಾರಿಯು ಅದರ ಆಶಯವನ್ನು ಅರ್ಥಗಾರಿಕೆಯಲ್ಲಿ ವಿಸ್ತರಿಸುತ್ತಾನೆ. ಭಾವಗೀತೆಗೆ ಅರ್ಥಧಾರಿಯಿಲ್ಲ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ಗೀತೆಯನ್ನು ಹಾಡುವಾಗ, ಹಾಡಿದ ಮಾತು ಅಸ್ಪಷ್ಟವಾದರೆ ಕವಿಯ ಮಾತು ಕೇಳುಗನನ್ನು ತಲುಪಲು ಬೇರೆ ದಾರಿಯಿಲ್ಲ.

ಕನ್ನಡದಲ್ಲಿ ಸ್ವರದ ದೈರ್ಘ್ಯವೂ ವ್ಯಂಜನದ ದ್ವಿತ್ವವೂ ಅರ್ಥಭೇದಕಗಳು: ‘ಬಳೆ’–‘ಬಾಳೆ’, ‘ಕತೆ’–‘ಕತ್ತೆ’. ಗಾಯನದಲ್ಲಿ ಹ್ರಸ್ವವನ್ನೂ ಎಳೆಯಬೇಕಾದಾಗ ಕಾಲದ ಭೇದ ಅಳಿಯುತ್ತದೆ. ಆಗ ಉಳಿಯುವುದು ಗುಣದ ಭೇದ: ‘ಅ’ಕಾರಕ್ಕೆ ಬಾಯಿ ‘ಆ’ಕಾರದಷ್ಟು ತೆರೆಯುವುದಿಲ್ಲ. ಆಲಾಪಕ್ಕೆ ಪಳಗಿದ ಕಂಠ ಪೂರ್ತಿ ತೆರೆದುಕೊಂಡರೆ ‘ಬಳೆ’ಯು ‘ಬಾಳೆ’ಯತ್ತ ಸರಿಯುತ್ತದೆ. ‘ಕತ್ತೆ’ಯ ಒತ್ತಿನಲ್ಲಿ ನಾದವು ಕ್ಷಣಕಾಲ ನಿಲ್ಲಬೇಕು, ಅಖಂಡ ನಾದವನ್ನು ಬಯಸಿ ಆ ಮೌನವನ್ನು ಮೊಟಕುಗೊಳಿಸಿದರೆ ದ್ವಿತ್ವ ಕರಗುತ್ತದೆ.

ಆದ್ದರಿಂದ ಭಾಗವತರು ತಮ್ಮ ಕಂಠವನ್ನೇ ಬದಲಿಸಬೇಕಿಲ್ಲ. ಎಳೆತವನ್ನು ಸಾಧ್ಯವಾದಷ್ಟು ಸಹಜ ದೀರ್ಘಗಳ ಮೇಲೆ ನಿಲ್ಲಿಸುವುದು, ಎಳೆದ ಹ್ರಸ್ವದಲ್ಲಿ ಅದರ ಗುಣವನ್ನು ಕಾಯುವುದು, ಒತ್ತಿಗೆ ತಕ್ಕ ಮೌನವನ್ನು ಕೊಡುವುದು ಅಗತ್ಯ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ, ಭೀಮಸೇನ ಜೋಶಿಯವರ ದಾಸವಾಣಿಗಳನ್ನೂ ಇದೇ ಮೂರು ಅಂಶಗಳಿಂದ ಪರಿಶೀಲಿಸಬಹುದೆಂದು ನಾವು ಸೂಚಿಸುತ್ತೇವೆ.