ದಪ್ಪ ದುಂಡು ಅಕ್ಷರ ಮತ್ತು ಗಡಿನಾಡಿನ ಊರ ಹೆಸರುಗಳು
ಮುಂಬಯಿಯ ಏಕ್ ಟೈಪ್ ಸಂಸ್ಥೆ ರೂಪಿಸಿದ ‘ಬಾಲೂ’ ಅಕ್ಷರವಿನ್ಯಾಸದ ಕನ್ನಡ ರೂಪವೇ ‘ಬಾಲೂ ತಮ್ಮ’. ತುಂಬಿದ ಮೈಕಟ್ಟು, ಮೊನಚಿಲ್ಲದ ದುಂಡು ತುದಿ ಇದರ ಲಕ್ಷಣ. ಶೀರ್ಷಿಕೆ, ಫಲಕ, ಭಿತ್ತಿಪತ್ರಗಳಿಗೆ ಇದು ಸಲ್ಲುತ್ತದೆ, ದೀರ್ಘ ಓದಿಗಲ್ಲ. ಇದೇ ಕುಟುಂಬದಲ್ಲಿ ದೇವನಾಗರಿಯೂ ಇರುವುದರಿಂದ, ಕನ್ನಡ-ಮರಾಠಿಗಳೆರಡೂ ಬಳಕೆಯಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಫಲಕಗಳ ದೃಷ್ಟಿಯಿಂದ ಇದು ಪರಿಶೀಲನಾರ್ಹ.

ಈ ಊರ ಹೆಸರುಗಳೇ ಇಂಥ ಅಕ್ಷರಕ್ಕೆ ಒರೆಗಲ್ಲು. ಗೆರೆ ಹಿಗ್ಗಿದಷ್ಟೂ ಅಕ್ಷರದ ಒಳಬಯಲು ಕುಗ್ಗುತ್ತದೆ. ‘ಅಥಣಿ’ಯ ಥಕಾರದ ಒಡಲಿನ ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಂಡರೆ ದೂರದಿಂದ ಅದು ಧಕಾರವಾಗಿಯೇ ಕಾಣುತ್ತದೆ. ‘ಚಿಕ್ಕೋಡಿ’, ‘ನಿಪ್ಪಾಣಿ’ಗಳದು ಬೇರೆ ಬಗೆಯ, ಇನ್ನೂ ಗಹನವಾದ ತೊಡಕು. ಕನ್ನಡದ ಒತ್ತು ಸಾಲಿನ ಕೆಳಗಿಳಿಯುತ್ತದೆ. ದೇವನಾಗರಿಯಲ್ಲಿ ಚಿಕ್ಕೋಡಿಯ ದ್ವಿತ್ವ ಸಾಲಿನೊಳಗೇ ಅಡಗುತ್ತದೆ. ಮರಾಠಿಯ ‘ನಿಪಾಣೀ’ ರೂಪದಲ್ಲಂತೂ ದ್ವಿತ್ವವೇ ಇಲ್ಲ. ಹೀಗಾಗಿ ಫಲಕವನ್ನು ಎರಡು ಸಮಪಟ್ಟಿಗಳಾಗಿ ವಿಭಾಗಿಸಿದರೆ, ಒತ್ತಿಗೆ ಎಡೆಗೊಡಬೇಕಾದ ಕನ್ನಡದ ಮೂಲಾಕ್ಷರ ಕಿರಿದಾಗುತ್ತದೆ. ಜಾಗ ಸಮನಾದರೂ ಗೋಚರತೆ ಸಮನಾಗದು. ರಾಯಬಾಗ, ಕಾಗವಾಡಗಳಿಗೆ ಈ ಕಷ್ಟವಿಲ್ಲ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ 2024ರ ತಿದ್ದುಪಡಿ ವಾಣಿಜ್ಯ ಮಳಿಗೆಗಳ ನಾಮಫಲಕದ ಶೇ. 60 ಭಾಗವನ್ನು ಕನ್ನಡಕ್ಕೆ ಮೀಸಲಿಟ್ಟಿದೆ. ಅಲ್ಲಿಯ ಅಳತೆ ಫಲಕದ ಭಾಗಕ್ಕೆ ಸಂಬಂಧಿಸಿದ್ದು. ಆ ಭಾಗದೊಳಗೆ ಒತ್ತಿಗೆಷ್ಟು, ಮೂಲಾಕ್ಷರಕ್ಕೆಷ್ಟು ಎಂಬುದು ಫಲಕ ಬರೆಯುವವರ ವಿವೇಚನೆಗೆ ಉಳಿದಿದೆ.